ಕೆರೆ ಸುತ್ತಿದರೆ ಸಾಕೇ?

ಕೇಳುಗರಿಗೆಲ್ಲ ನಮಸ್ಕಾರ.

ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಟೆನಿಸ್ ಆಡುವ ಮಕ್ಕಳು ಓಡುವುದನ್ನು ನೋಡುತ್ತಿರುತ್ತೇನೆ. ಬೆಂಚಿನ ಮೇಲೆ ಅಪ್ಪನೋ ಅಮ್ಮನೋ ನೀರಿನ ಬಾಟಲಿ ಹಿಡಿದು ಕೂತಿರುತ್ತಾರೆ. "ದಿನಾ ಓಡ್ತಾನೆ ಸಾರ್, ಆದ್ರೂ ಮೂರನೇ ಸೆಟ್‌ಗೆ ಸುಸ್ತಾಗಿಬಿಡ್ತಾನೆ" ಅನ್ನುತ್ತಾರೆ.

ಆ ಮಗುವಿನ ಶ್ರಮ ದೊಡ್ಡದು. ಆದರೆ ಟೆನಿಸ್ ಒಂದೇ ಸಮನೆ ಓಡುವ ಆಟವಲ್ಲ. ಸ್ಟಾಪ್‌ವಾಚ್ ಹಿಡಿದು ಒಂದು ಮ್ಯಾಚ್ ನೋಡಿ. ಹೆಚ್ಚಿನ ಪಾಯಿಂಟುಗಳು 10 ಸೆಕೆಂಡಿನೊಳಗೇ ಮುಗಿಯುತ್ತವೆ. ಮುಂದಿನ ಪಾಯಿಂಟಿನ ಮೊದಲ ಹೊಡೆತಕ್ಕೆ, ಅಂದರೆ ಸರ್ವ್‌ಗೆ, 25 ಸೆಕೆಂಡ್ ಬಿಡುವು. ಆಟಗಾರರು ಕೋರ್ಟಿನ ಬದಿ ಬದಲಿಸುವಾಗ 90 ಸೆಕೆಂಡ್. ಸಿಂಗಲ್ಸ್ ಕೋರ್ಟಿನ ಅಗಲ 8.23 ಮೀಟರ್ ಅಷ್ಟೇ. ಅಷ್ಟರಲ್ಲೇ ಹೊರಡಬೇಕು, ಗಕ್ಕನೆ ನಿಲ್ಲಬೇಕು, ತಿರುಗಿ ಮತ್ತೆ ಹೊರಡಬೇಕು. ಇದೇ ಎರಡು ಮೂರು ಗಂಟೆ!

ಹಾಗಾಗಿ ತರಬೇತಿಯ ಓಟಕ್ಕೂ ಆಟದ ಅಳತೆಯೇ ಇರಬೇಕು. ನಾನು ಮಾಡಿಸುವುದು ಹೀಗೆ: 8 ಸೆಕೆಂಡ್ ಪೂರ್ತಿ ಜೋರು, 25 ಸೆಕೆಂಡ್ ಸುಮ್ನೆ ನಡಿಗೆ. ಆರು ಸಲ ಆದರೆ ಒಂದು ಗೇಮ್ ಅಂತ ಲೆಕ್ಕ. ಎರಡು ಗೇಮ್ ಆದಮೇಲೆ 90 ಸೆಕೆಂಡ್ ಕೂತು ನೀರು ಕುಡಿಯುವುದು.

ಕೆರೆ ಓಟ ಬೇಡವೇ ಬೇಡ ಅಂತಲ್ಲ. ಪಾಯಿಂಟುಗಳ ನಡುವೆ ಬೇಗ ಸುಧಾರಿಸಿಕೊಳ್ಳಲು ಆ ದಮ್ಮು ಬೇಕು. ಟೂರ್ನಮೆಂಟ್ ಇಲ್ಲದ ತಿಂಗಳಲ್ಲಿ ಓಡಲಿ. ಟೂರ್ನಮೆಂಟ್ ಹತ್ತಿರವಾದಂತೆ ದೂರದ ಓಟ ಕಡಿಮೆ, ಚುರುಕಿನ ಕೆಲಸ ಜಾಸ್ತಿ. ಕೊನೆಯ ವಾರ ಎಲ್ಲವನ್ನೂ ಇಳಿಸಿ.

ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಮಂಡಿ ಸವೆದು ನೋಯುತ್ತಿದ್ದಾಗ ಕೈ ಹಿಡಿದದ್ದು ಅಯ್ಯಂಗಾರ್ ಯೋಗ ಅಂತ ಅವರೇ ಹೇಳಿದ್ದಾರೆ. ಆ ಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರರು ಯೋಗ ಕಲಿತದ್ದು ನಮ್ಮ ಮೈಸೂರಿನಲ್ಲೇ, ಕೃಷ್ಣಮಾಚಾರ್ಯರ ಹತ್ತಿರ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಮಕ್ಕಳ ವಿಷಯದಲ್ಲಿ ನನಗೆ ಮಂಡಿಗಿಂತ ಹೆಗಲಿನದೇ ಚಿಂತೆ. ಸರ್ವ್ ಹೊಡೆದ ಮೇಲೆ ರಭಸದಿಂದ ಬೀಸಿ ಹೋಗುವ ಕೈಯನ್ನು ಹಿಡಿದು ನಿಲ್ಲಿಸುವುದು ಹೆಗಲ ಹಿಂಭಾಗದ ಸಣ್ಣ ಸ್ನಾಯುಗಳು. ಅವುಗಳ ಕಡೆ ಯಾರೂ ನೋಡುವುದಿಲ್ಲ, ಅಲ್ವಾ? ನಮ್ಮಲ್ಲಿ ಬರುವ ಒಬ್ಬ ಹುಡುಗಿ ಗೇಟಿನ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟುತ್ತಾಳೆ. ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲ್ ಸಿಕ್ಕಿಸಿಕೊಳ್ಳುತ್ತಾಳೆ. ಮುಂಗೈಯನ್ನು ಹೊರಕ್ಕೆ ಎಳೆದು, ಮೂರು ಎಣಿಸುತ್ತಾ ನಿಧಾನವಾಗಿ ಬಿಡುತ್ತಾಳೆ. ಹದಿನೈದು ಸಲ. ನೋಡಲು ಏನೂ ಅನಿಸುವುದಿಲ್ಲ. ಹನ್ನೆರಡನೆಯ ಸಲಕ್ಕೆ ಅವಳ ಕೈ ನಡುಗುತ್ತದೆ.

ನಿಮ್ಮ ಮಕ್ಕಳಿಗೂ ಮಾಡಿಸಿ. ಟವೆಲ್ ಕೆಳಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಒಂದು ದಿನ ಬಿಟ್ಟು ಮತ್ತೆ ಶುರು ಮಾಡಿ. ನಮಸ್ಕಾರ.