ಗಡಿಯಾರ ನೋಡಿ ಬರುವ ನೋವು

ಎಲ್ಲರಿಗೂ ನಮಸ್ಕಾರ. ತೋಟದ ಕೆಲಸ, ಮನೆಯ ಕೆಲಸ ಬದಿಗಿಟ್ಟು ಭಾನುವಾರ ಮಧ್ಯಾಹ್ನ ಈ ವಾಚನಾಲಯಕ್ಕೆ ಬಂದಿದ್ದೀರಿ. ತುಂಬ ಸಂತೋಷ. ನಾನು ಡಾಕ್ಟರಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಪಾಠ ಮಾಡುವವಳು. ಹದಿಮೂರು ವರ್ಷದಿಂದ ನನಗೆ ಕ್ಲಸ್ಟರ್ ತಲೆನೋವು ಇದೆ.

ಈ ಪುಸ್ತಕ ನೋಡಿ. ಶಾಲೆಯಲ್ಲಿ ಬಳಸದೆ ಉಳಿದಿದ್ದ ಹಳೆಯ ಹಾಜರಿ ಪುಸ್ತಕ. ಮಕ್ಕಳ ಹೆಸರು ಬರೆಯುವಲ್ಲಿ ಗಂಟೆ ಬರೆದಿದ್ದೇನೆ. ಮೇಲೆ ತಾರೀಕು. ಬಂದ ದಿನ ಒಂದು ಗೆರೆ, ಎಷ್ಟು ಹೊತ್ತು ಇತ್ತು ಅಂತ ಪಕ್ಕದಲ್ಲಿ. ನನ್ನ ಕಾಯಿಲೆಗೆ ಹೆಸರು ಸಿಕ್ಕಿದ್ದು ಯಾವ ಸ್ಕ್ಯಾನಿನಿಂದಲೂ ಅಲ್ಲ, ಈ ಪುಸ್ತಕದಿಂದ. ಅದಕ್ಕೇ ಇದನ್ನು ಹಿಡಿದುಕೊಂಡು ಬಂದೆ.

ಮೊದಲ ಸಲ ಬಂದದ್ದು 2012ರಲ್ಲಿ, ದೀಪಾವಳಿ ಕಳೆದು ಹದಿನೈದು ದಿನಕ್ಕೆ. ಆಗ ನನಗೆ 34 ವರ್ಷ. ರಾತ್ರಿ ಹನ್ನೊಂದೂವರೆಗೆ ಮಲಗಿದ್ದೆ. ಒಂದೂ ಮುಕ್ಕಾಲಿಗೆ ಎಚ್ಚರವಾಯಿತು. ಬಲಗಣ್ಣಿನ ಹಿಂದೆ ನೋವು. ತೆಂಗಿನಕಾಯಿ ಸುಲಿಯಲು ನೆಲಕ್ಕೆ ಕಬ್ಬಿಣದ ಮೊನೆ ಹುಗಿದಿರುತ್ತೇವಲ್ಲ, ಅದರ ಮೇಲೆ ಕಣ್ಣನ್ನೇ ಒತ್ತಿ ಹಿಡಿದ ಹಾಗೆ. ಮಲಗಲು ಆಗುವುದಿಲ್ಲ. ಕೂರಲೂ ಆಗುವುದಿಲ್ಲ. ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಗೆ ನಡೆದೆ. ತುಳಸಿಕಟ್ಟೆಯ ಮೂಲೆಗೆ ಹಣೆ ಒತ್ತಿ ನಿಂತೆ. ಬಲಗಣ್ಣಿನಲ್ಲಿ ಮಾತ್ರ ನೀರು. ಮೂಗಿನ ಬಲ ಹೊಳ್ಳೆ ಮಾತ್ರ ಕಟ್ಟಿತ್ತು. ಬಲಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಎಡಗಡೆಗೆ ಏನೂ ಇಲ್ಲ. ಅತ್ತೆ ಶುಂಠಿ ಕಷಾಯ ಮಾಡಿ ತಂದರು. ಎರಡೂ ಮುಕ್ಕಾಲು ಆಗುವಾಗ ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ ನಿಂತಿತು. ಬೆಳಿಗ್ಗೆ ಶಾಲೆಗೆ ಹೋದೆ. ಮುಖ ನೋಡಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಮರುದಿನ ಮತ್ತೆ ಬಂತು. ಒಂದೂ ಮುಕ್ಕಾಲಿಗೇ.

ನಮ್ಮ ಊರಿನಲ್ಲಿ ಮೂರು ನಾಲ್ಕು ಭಾಷೆ. ತುಳುವಿನಲ್ಲಿ ತರೆಬೇನೆ, ಮಲಯಾಳದಲ್ಲಿ ತಲವೇದನ, ನಮಗೆ ತಲೆನೋವು. ಯಾವ ಭಾಷೆಯಲ್ಲಿ ಹೇಳಿದರೂ ಇದು ಸಣ್ಣ ಮಾತೇ. ಕರೆಂಟ್ ಹೋದರೆ ತಲೆನೋವು, ಬಸ್ಸು ತಡವಾದರೆ ತಲೆನೋವು ಅಂತೇವೆ. ಅದೇ ಶಬ್ದ ಹಿಡಿದುಕೊಂಡು ಆಸ್ಪತ್ರೆಗೆ ಹೋದರೆ ಯಾರು ತಾನೇ ಗಾಬರಿಪಡುತ್ತಾರೆ? ಹೆಚ್ಚೆಂದರೆ ಚೆನ್ನಿಕುತ್ತ್ ಅಂತಾರೆ, ಅರೆತಲೆನೋವು ಅಂತಾರೆ. ಅರೆತಲೆನೋವು, ಅಂದರೆ ಮೈಗ್ರೇನ್, ಸಣ್ಣ ಕಾಯಿಲೆ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡೂ ಬೇರೆ. ಮೈಗ್ರೇನ್ ಬಂದವರಿಗೆ ಕತ್ತಲೆ ಕೋಣೆಯಲ್ಲಿ ಅಲ್ಲಾಡದೆ ಮಲಗಬೇಕು ಅನಿಸುತ್ತದೆ. ನಮಗೆ ನಿಂತಲ್ಲಿ ನಿಲ್ಲಲು ಆಗುವುದಿಲ್ಲ. ಮೈಗ್ರೇನ್ ಹಲವು ಗಂಟೆ, ಕೆಲವರಿಗೆ ಮೂರು ದಿನ ಇರುತ್ತದೆ. ಇದು 15 ನಿಮಿಷದಿಂದ 3 ಗಂಟೆ. ಆದರೆ ದಿನಕ್ಕೆ ಎಂಟು ಸಲದವರೆಗೂ ಬರಬಹುದು.

ಮೊದಲ ಎರಡು ವರ್ಷ ನಾನು ಮಾಡಿದ್ದು ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಯಾರಾದರೂ ಈಗ ಅದನ್ನೇ ಮಾಡುತ್ತಿರಬಹುದು. ಕನ್ನಡಕ ಬದಲಾಯಿಸಿದೆ. ಸೈನಸ್ ಅಂತ ಎಕ್ಸ್‌ರೇ ತೆಗೆದು ಹದಿನೈದು ದಿನ ಆಂಟಿಬಯೋಟಿಕ್ ತಿಂದೆ. ನೋವು ಬಲಗಡೆಯ ಮೇಲಿನ ದವಡೆಗೂ ಇಳಿಯುತ್ತಿತ್ತು, ಹಾಗಾಗಿ ಒಂದು ಹಲ್ಲು ಕೀಳಿಸಿದೆ. ಆರೋಗ್ಯವಾಗಿದ್ದ ಹಲ್ಲು. ಒಬ್ಬರು ಡಾಕ್ಟರಿಗೆ ಕ್ಲಸ್ಟರ್ ಇರಬಹುದಾ ಅಂತ ಸಂಶಯ ಬಂದಿತ್ತು. ಆದರೆ ಅದು ಗಂಡಸರ ಕಾಯಿಲೆ ಅಂತ ಅವರೇ ಬಿಟ್ಟುಬಿಟ್ಟರು. ಗಂಡಸರಿಗೆ ಜಾಸ್ತಿ ಅನ್ನುವುದು ನಿಜ. ಹೆಂಗಸರಿಗೆ ಬರುವುದೇ ಇಲ್ಲ ಅನ್ನುವುದು ಸುಳ್ಳು. ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ನಮ್ಮ ಒಂದು ಪಂಚಾಯತಿನಲ್ಲೇ ಎಷ್ಟು ಜನ ಆದರು, ಲೆಕ್ಕ ಹಾಕಿ.

ಮೋಸ ಆಗುವುದು ಎಲ್ಲಿ ಗೊತ್ತಾ? ಒಂದು ಗಂಟೆಯಲ್ಲಿ ಈ ನೋವು ತಾನಾಗಿ ನಿಲ್ಲುತ್ತದೆ. ನಾವು ನುಂಗಿದ ಪ್ಯಾರಾಸಿಟಮಾಲ್ ಕೆಲಸ ಶುರುಮಾಡಲು ಮುಕ್ಕಾಲು ಗಂಟೆ ಬೇಕು. ಎರಡೂ ಹೊತ್ತು ಒಂದೇ ಆಗಿ, ಮಾತ್ರೆಯಿಂದ ಕಡಿಮೆಯಾಯಿತು ಅಂತ ನಂಬುತ್ತೇವೆ. ಕಷಾಯಕ್ಕೂ ಹಾಗೆ, ದೃಷ್ಟಿ ತೆಗೆದದ್ದಕ್ಕೂ ಹಾಗೆ. ಸೀಸನ್ ಕೂಡ ಹಾಗೆಯೇ. ಆರು ವಾರವೋ ಮೂರು ತಿಂಗಳೋ ದಿನಾ ಬಂದು, ಆಮೇಲೆ ತಾನಾಗಿ ಹೋಗುತ್ತದೆ. ವರ್ಷಗಟ್ಟಲೆ ಬಾರದೆ ಇರಬಹುದು. ಹೋಗುವ ಹೊತ್ತಿಗೆ ಯಾರ ಮದ್ದು ಮಾಡುತ್ತಿದ್ದೆವೋ ಅವರಿಗೆ ಕೀರ್ತಿ. ನನ್ನ ಹಲ್ಲು ಕಿತ್ತ ವಾರವೇ ಆ ವರ್ಷದ ಸೀಸನ್ ಮುಗಿಯಿತು. ಮನೆಯವರೆಲ್ಲ ಹಲ್ಲಿನದ್ದೇ ತೊಂದರೆ ಅಂದರು. ನಾನೂ ನಂಬಿದೆ. ಮುಂದಿನ ದೀಪಾವಳಿವರೆಗೆ ನಂಬಿದೆ. ಪ್ರತಿ ದಿನ ನೋವಿನ ಮಾತ್ರೆ ತಿಂದರೆ ಹೊಟ್ಟೆ, ಕಿಡ್ನಿ ಕೆಡುವುದು ಒಂದು ಕಡೆ. ಮಾತ್ರೆ ಜಾಸ್ತಿಯಾಗಿಯೇ ಬೇರೆ ತಲೆನೋವು ಶುರುವಾಗುವುದು ಇನ್ನೊಂದು ಕಡೆ.

ಮೂರನೆಯ ಸೀಸನ್ನಿನಲ್ಲಿ ಈ ಪುಸ್ತಕ ಬರೆಯಲು ಶುರುಮಾಡಿದೆ. ಮಂಗಳೂರಿನಲ್ಲಿ ನರರೋಗದ ಡಾಕ್ಟರ ಎದುರು ಕೂತು ಹೇಳಲು ಹೊರಟರೆ ಅಳು ಬಂತು, ಮಾತು ಬರಲಿಲ್ಲ. ಪುಸ್ತಕ ಮುಂದಿಟ್ಟೆ. ಅವರು ಬೆರಳಿನಲ್ಲಿ ಗೆರೆಗಳನ್ನು ಮೇಲಿಂದ ಕೆಳಗೆ ಸವರಿದರು. 1.45, 1.40, 1.45, 1.50. ಒಂದೇ ಸಾಲು. "ಕಣ್ಣೀರು ಒಂದೇ ಕಡೆಯಾ ಟೀಚರ್?" ಅಂತ ಕೇಳಿದರು. ಹೌದು ಅಂದೆ. "ಆ ಹೊತ್ತಿನಲ್ಲಿ ಮಲಗುತ್ತೀರಾ, ನಡೆಯುತ್ತೀರಾ?" ನಡೆಯುತ್ತೇನೆ ಅಂದೆ. ಐದು ನಿಮಿಷದಲ್ಲಿ ಹೆಸರು ಹೇಳಿದರು. ಬೇರೇನಾದರೂ ಇದೆಯಾ ಅಂತ ಖಾತ್ರಿ ಮಾಡಲು ಒಂದು ಎಂಆರ್‌ಐ ತೆಗೆಸಿದರು. ಅದರಲ್ಲಿ ಏನೂ ಇರಲಿಲ್ಲ.

ಕ್ಲಸ್ಟರ್ ಅಂದರೆ ಗೊಂಚಲು. ಗೊನೆಯಲ್ಲಿ ಅಡಿಕೆ ಇದ್ದ ಹಾಗೆ ಒತ್ತೊತ್ತಾಗಿ ಬರುತ್ತದೆ ಅಂತ ಆ ಹೆಸರು. 1939ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಬೇಯಾರ್ಡ್ ಹಾರ್ಟನ್ ಇದನ್ನು ವಿವರವಾಗಿ ಬರೆದರು. ಅದಕ್ಕೂ ಮೊದಲು 1926ರಲ್ಲಿ ಲಂಡನ್ನಿನ ವಿಲ್ಫ್ರೆಡ್ ಹ್ಯಾರಿಸ್ ಬರೆದಿದ್ದರು. ಇಷ್ಟು ಸರಿಯಾಗಿ ಗಂಟೆ ಹಿಡಿದು ಯಾಕೆ ಬರುತ್ತದೆ? ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಅಂತ ಬಾದಾಮಿಯಷ್ಟು ದೊಡ್ಡ ಭಾಗ ಇದೆ. ನಿದ್ದೆ, ಎಚ್ಚರ, ಹಗಲು ರಾತ್ರಿಯ ಲೆಕ್ಕ ನೋಡಿಕೊಳ್ಳುವುದು ಅದೇ. 1998ರಲ್ಲಿ ಲಂಡನ್ನಿನಲ್ಲಿ ನೋವು ಬಂದಿರುವಾಗಲೇ ಸ್ಕ್ಯಾನ್ ಮಾಡಿ ನೋಡಿದರು. ಆ ಜಾಗ ಚುರುಕಾಗಿರುವುದು ಕಂಡಿತು. ಮುಖದ ನೋವನ್ನು ಒಯ್ಯುವ ನರ ಮತ್ತು ಕಣ್ಣೀರು, ಮೂಗಿನ ನೀರು ಬರಿಸುವ ನರ ಒಂದಕ್ಕೊಂದು ತಾಗಿಕೊಂಡು ಕೆಲಸ ಮಾಡುತ್ತವೆ. ಹಾಗಾಗಿ ನೋವಿನ ಜೊತೆ ಅದೇ ಬದಿಯ ಕಣ್ಣು, ಮೂಗು ಸುರಿಯುತ್ತದೆ. ನನಗೆ ಇದು ತಿಳಿದ ದಿನ ತುಂಬ ಹಗುರವಾಯಿತು. ಟೆನ್ಷನ್ ಮಾಡಿಕೊಳ್ಳುತ್ತೀ, ಅದಕ್ಕೆ ಬರುತ್ತದೆ ಅನ್ನುವ ಮಾತು ಕೇಳಿ ಕೇಳಿ ನಾನೇ ತಪ್ಪು ಮಾಡುತ್ತಿದ್ದೇನೆ ಅನಿಸಿತ್ತು.

ಈಗ ಮದ್ದಿನ ವಿಷಯಕ್ಕೆ ಬರುತ್ತೇನೆ. ಇದು ಇವತ್ತಿನ ಮುಖ್ಯ ಮಾತು. ನಮ್ಮ ಮನೆಯಿಂದ ಆಸ್ಪತ್ರೆಗೆ ರಾತ್ರಿ ಹೊತ್ತು ಜೀಪು ಸಿಕ್ಕಿ, ಹೋಗಿ ಚೀಟಿ ಮಾಡಿಸಲು ಒಂದು ಗಂಟೆ. ಅಷ್ಟರಲ್ಲಿ ನೋವೇ ಮುಗಿದಿರುತ್ತದೆ. ಹಾಗಾಗಿ ಈ ಕಾಯಿಲೆಗೆ ಮದ್ದು ಮನೆಯಲ್ಲೇ, ಹಾಸಿಗೆಯ ಪಕ್ಕದಲ್ಲೇ ಇರಬೇಕು.

ನನ್ನ ಪ್ರಾಣ ಉಳಿಸಿದ್ದು ಆಕ್ಸಿಜನ್. ಬರೀ ಆಮ್ಲಜನಕ! 2009ರಲ್ಲಿ ಬಂದ ಒಂದು ಪರೀಕ್ಷೆಯಲ್ಲಿ ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ ಕೊಟ್ಟು ನೋಡಿದರು. ಆಕ್ಸಿಜನ್ ಕೊಟ್ಟಾಗ ನೂರರಲ್ಲಿ 78 ಸಲ ನೋವು ಇಳಿಯಿತು. ಅದೇ ಮಾಸ್ಕಿನಲ್ಲಿ ಮಾಮೂಲಿ ಗಾಳಿ ಕೊಟ್ಟಾಗ 20 ಸಲ. ಆದರೆ ಕೊಡುವ ರೀತಿ ಸರಿ ಇರಬೇಕು. ನನಗೆ ಮೊದಲು ಒಂದು ಆಸ್ಪತ್ರೆಯಲ್ಲಿ ಮೂಗಿಗೆ ಸಣ್ಣ ನಳಿಗೆ ಹಾಕಿ ನಿಮಿಷಕ್ಕೆ ಎರಡು ಲೀಟರ್ ಕೊಟ್ಟಿದ್ದರು. ಏನೂ ಆಗಲಿಲ್ಲ. ನಿಮಗೆ ಆಕ್ಸಿಜನ್ ಆಗುವುದಿಲ್ಲ ಅಂತ ಬರೆದುಕೊಟ್ಟರು. ಒಂದು ಪೂರ್ತಿ ಸೀಸನ್ ನಾನು ಸುಮ್ನೆ ನರಳಿದೆ. ಬೇಕಾದದ್ದು ಕೆಳಗೆ ಚೀಲ ಇರುವ, ಬಿಟ್ಟ ಉಸಿರನ್ನು ಮತ್ತೆ ಒಳಗೆ ಬಿಡದ ನಾನ್ ರೀಬ್ರೀದರ್ ಮಾಸ್ಕ್. ಮುಖಕ್ಕೆ ಬಿಗಿಯಾಗಿ ಕೂರಬೇಕು. 12ರಿಂದ 15 ಲೀಟರ್. ಕೂತು ಸ್ವಲ್ಪ ಮುಂದಕ್ಕೆ ಬಾಗಿ ಉಸಿರಾಡಬೇಕು. ನೋವು ಶುರುವಾದ ಕೂಡಲೇ ಹಾಕಬೇಕು. ಹತ್ತು ನಿಮಿಷ ತಡವಾದರೆ ಇಳಿಯಲೂ ತಡ.

ಸಿಲಿಂಡರಿನ ಲೆಕ್ಕವೂ ಹೇಳಿಬಿಡುತ್ತೇನೆ. ಒಂದು ಸಲಕ್ಕೆ 12 ಲೀಟರಿನಂತೆ 15 ನಿಮಿಷ, ಅಂದರೆ 180 ಲೀಟರ್. ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ಎಂಟು ಸಲಕ್ಕೆ ಬರುತ್ತದೆ. ದೊಡ್ಡ ಡಿ ಟೈಪಿನಲ್ಲಿ ಸುಮಾರು 7000 ಲೀಟರ್. ಸೀಸನ್ನಿನಲ್ಲಿ ದೊಡ್ಡದೇ ಒಳ್ಳೆಯದು. ಕೊರೊನಾ ಕಾಲದಲ್ಲಿ ತೆಗೆದ ಕಾನ್ಸಂಟ್ರೇಟರ್, ಅಂದರೆ ಕರೆಂಟಿನಲ್ಲಿ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ, ಕೆಲವರ ಮನೆಯಲ್ಲಿ ಇದೆ. ಮನೆಗೆ ತರುವಂಥದ್ದು ಹೆಚ್ಚಾಗಿ ಐದು ಲೀಟರಿನದ್ದು. ಅದು ಸಾಲುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ಕಟ್ಟಿ. ಒಲೆ, ದೇವರ ದೀಪ, ಬೀಡಿ ಹತ್ತಿರ ಇರಬಾರದು. ಎಣ್ಣೆ ಕೈಯಲ್ಲಿ ವಾಲ್ವ್ ಮುಟ್ಟಬಾರದು. ಶ್ವಾಸಕೋಶದ ಹಳೆಯ ಕಾಯಿಲೆ ಇರುವವರು ಡಾಕ್ಟರ ಹತ್ತಿರ ಕೇಳದೆ ಇದನ್ನು ಮಾಡಲೇಬಾರದು.

ಎರಡನೆಯದು ಸುಮಟ್ರಿಪ್ಟಾನ್. ಚರ್ಮದ ಅಡಿಗೆ ಕೊಡುವ 6 ಮಿಲಿಗ್ರಾಂ ಇಂಜೆಕ್ಷನ್ ಬೇಗ ಕೆಲಸ ಮಾಡುತ್ತದೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಮೂಗಿಗೆ ಬಿಡುವ ಸ್ಪ್ರೇ ಅದರ ನಂತರದ್ದು. ಮಾತ್ರೆ ತುಂಬ ನಿಧಾನ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಪಾರ್ಶ್ವವಾಯು ಆದವರಿಗೆ ಇದು ಬೇಡ. ಎಲ್ಲ ಮೆಡಿಕಲ್ ಶಾಪಿನಲ್ಲಿ ಇಟ್ಟಿರುವುದಿಲ್ಲ, ಮೊದಲೇ ಹೇಳಿ ತರಿಸಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕ, ಕೇರಳದ ನಡುವಿನ ತಲಪಾಡಿ ಗಡಿ ಮುಚ್ಚಿದ್ದು ನೆನಪಿದೆಯಲ್ಲ? ಮಂಗಳೂರಿನ ಆಸ್ಪತ್ರೆ ನಂಬಿದ್ದ ನಾವೆಲ್ಲ ಈಚೆ ಉಳಿದೆವು. ಆಗ ನನ್ನ ಸೀಸನ್ ಅಲ್ಲ. ಆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಂದಿನಿಂದ ಸೆಪ್ಟೆಂಬರಿನಲ್ಲೇ ಎಲ್ಲ ತಂದಿಡುತ್ತೇನೆ.

ಸೀಸನ್ ಶುರುವಾದ ಕೂಡಲೇ ತಡೆಯುವ ಮದ್ದು ಬೇರೆ ಇದೆ. ಹೆಚ್ಚಾಗಿ ಕೊಡುವುದು ವೆರಪಮಿಲ್. ಅಂಗಡಿಯವರು ಇದು ಬಿಪಿ ಮಾತ್ರೆಯಲ್ಲವಾ ಅಂತ ಕೇಳುತ್ತಾರೆ. ಹೌದು, ಆದರೆ ಇದಕ್ಕೂ ಆಗುತ್ತದೆ. ಡೋಸ್ ಏರಿಸುವಾಗ ಇಸಿಜಿ ನೋಡುತ್ತಲೇ ಇರಬೇಕು. ಅದು ಹಿಡಿಯುವವರೆಗೆ ಕೆಲವು ದಿನ ಸ್ಟಿರಾಯ್ಡ್ ಕೊಡುವುದುಂಟು, ತಲೆಯ ಹಿಂದೆ ನರಕ್ಕೆ ಇಂಜೆಕ್ಷನ್ ಕೊಡುವುದೂ ಉಂಟು. ನನಗೆ ವೆರಪಮಿಲ್‌ನಿಂದ ದಿನಾ ಬರುವುದು ವಾರಕ್ಕೆ ಎರಡಕ್ಕೆ ಇಳಿಯಿತು. ಇನ್ನೊಬ್ಬರಿಗೆ ಬೇರೆ ಮದ್ದು ಬೇಕಾಗಬಹುದು.

ಸೀಸನ್ನಿನಲ್ಲಿ ಕುಡಿತ ಪೂರ್ತಿ ಬಂದ್. ಒಂದು ಕುಡ್ತೆ ಕಳ್ಳು ಸಾಕು, ಒಂದು ಗಂಟೆಯೊಳಗೆ ನೋವು ಎಬ್ಬಿಸಲು. ನಾನು ಕುಡಿಯುವುದಿಲ್ಲ. ಆದರೆ ಸುಸ್ತಿಗೆ ಅಂತ ದಶಮೂಲಾರಿಷ್ಟ ಕುಡಿಯುತ್ತಿದ್ದೆ. ಅರಿಷ್ಟ, ಆಸವಗಳು ಹುಳಿಬಂದು ಆಗುವಂಥವು, ಅವುಗಳಲ್ಲಿ ಮದ್ಯಸಾರ ಇರುತ್ತದೆ. ಎರಡು ಸಂಜೆ ಗೆರೆ ಬಿದ್ದ ಮೇಲೆ ಪುಸ್ತಕದಲ್ಲೇ ಅದು ಸಿಕ್ಕಿಬಿತ್ತು. ಮಧ್ಯಾಹ್ನದ ನಿದ್ದೆ, ಪೆಟ್ರೋಲು ಮತ್ತು ಪೇಂಟಿನ ವಾಸನೆ ಕೂಡ ಕೆಲವರಿಗೆ ಆಗುವುದಿಲ್ಲ. ಎದೆನೋವಿಗೆ ನಾಲಗೆಯ ಅಡಿಗೆ ಇಡುವ ಮಾತ್ರೆಯಿಂದಲೂ ಬರಬಹುದು. ಅದನ್ನು ನೀವಾಗಿ ಬಿಡಬೇಡಿ, ಡಾಕ್ಟರಿಗೆ ಹೇಳಿ. ಬೀಡಿ ಸಿಗರೇಟು ಸೇದುವವರಲ್ಲಿ ಈ ಕಾಯಿಲೆ ಜಾಸ್ತಿ ಕಾಣುತ್ತದೆ.

ಹಠಾತ್ತಾಗಿ ಸಿಡಿಲು ಹೊಡೆದ ಹಾಗೆ ಬಂದ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಬಲ ಇಲ್ಲದಾಗುವುದು, ಮಾತು ತೊದಲುವುದು, ಐವತ್ತು ದಾಟಿದ ಮೇಲೆ ಮೊದಲ ಸಲ ಬರುವ ತಲೆನೋವು, ಇವಕ್ಕೆ ನನ್ನ ಮಾತು ಅನ್ವಯಿಸುವುದಿಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ.

ಮನೆಯವರಿಗೆ ಒಂದೆರಡು ಮಾತು. ಮಲಗು ಮಲಗು ಅನ್ನಬೇಡಿ. ಹಿಡಿದು ಕೂರಿಸಬೇಡಿ. ಹೇಗಿದೆ ಅಂತ ನಿಮಿಷಕ್ಕೊಮ್ಮೆ ಕೇಳಬೇಡಿ. ನಮ್ಮ ಮನೆಯಲ್ಲಿ ನಾನು "ಬಂತು" ಅನ್ನುವುದು ಒಂದೇ ಶಬ್ದ. ಇವರು ಎದ್ದು ಸಿಲಿಂಡರಿನ ಕೀ ತಿರುಗಿಸುತ್ತಾರೆ, ಗಂಟೆ ಬರೆಯುತ್ತಾರೆ, ಹೊರಗೆ ಜಗಲಿಯಲ್ಲಿ ಕೂರುತ್ತಾರೆ. ಮಗ ಸಣ್ಣವನಿದ್ದಾಗ ನಾನು ತಲೆ ಜಪ್ಪಿಕೊಳ್ಳುವುದು ನೋಡಿ ತುಂಬ ಹೆದರಿದ್ದ. ಮಕ್ಕಳಿಗೆ ಹಗಲಿನಲ್ಲೇ ಕೂರಿಸಿ ಹೇಳಿ. ಅಮ್ಮನಿಗೆ ಜೋರು ನೋವು ಬರುತ್ತದೆ, ಒಂದು ಗಂಟೆಯಲ್ಲಿ ಹೋಗುತ್ತದೆ, ಅಮ್ಮ ಸಾಯುವುದಿಲ್ಲ ಅಂತ.

ಆ ನೋವಿನಲ್ಲಿ ಸತ್ತರೆ ಸಾಕು ಅಂತ ನನಗೂ ಅನಿಸಿದೆ. ಬಾವಿಕಟ್ಟೆಯ ಹತ್ತಿರ ನಿಂತ ಒಂದು ರಾತ್ರಿ ಇದೆ. ಮರುದಿನ ಇವರಿಗೆ ಹೇಳಿದೆ. ನೀವೂ ಹೇಳಿ, ಒಬ್ಬರಿಗಾದರೂ ಹೇಳಿ. 14416 ಅಂತ ಟೆಲಿ ಮಾನಸ್ ನಂಬರ್ ಇದೆ, ರಾತ್ರಿಯೂ ಫೋನ್ ಎತ್ತುತ್ತಾರೆ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.

ಈ ವರ್ಷದ ಪುಟದಲ್ಲಿ ಇವತ್ತಿಗೆ ಒಂಬತ್ತು ಗೆರೆ ಇವೆ. ಒಂಬತ್ತರಲ್ಲಿ ಏಳರ ಪಕ್ಕ 12 ನಿಮಿಷ, 15 ನಿಮಿಷ ಅಂತ ಇದೆ. ಹಳೆಯ ಪುಟಗಳಲ್ಲಿ ಎಲ್ಲ ಕಡೆ ಒಂದು ಗಂಟೆ, ಒಂದು ಗಂಟೆ ಐದು ನಿಮಿಷ. ಮಾಸ್ಕ್, ರೆಗ್ಯುಲೇಟರ್, ಒಂದು ಸಣ್ಣ ಸಿಲಿಂಡರ್ ಮೇಜಿನ ಮೇಲೆ ಇಟ್ಟಿದ್ದೇನೆ. ಚಾ ಕುಡಿದು ಹತ್ತಿರ ಬನ್ನಿ. ಮಾಸ್ಕ್ ಮುಖಕ್ಕೆ ಹೇಗೆ ಕೂರಬೇಕು, ಚೀಲ ಹೇಗೆ ತುಂಬಬೇಕು ಅಂತ ಒಬ್ಬೊಬ್ಬರಿಗೇ ತೋರಿಸುತ್ತೇನೆ. ಮನೆಯಲ್ಲಿ ಯಾರಿಗಾದರೂ ಹೀಗೆ ಇದೆ ಅನಿಸಿದರೆ ಗಂಟೆ ಬರೆಯಲು ಶುರುಮಾಡಿ. ಶಾಲೆಯಿಂದ ನಾಲ್ಕು ಖಾಲಿ ಪುಸ್ತಕ ತಂದಿದ್ದೇನೆ, ಬೇಕಾದವರು ತೆಗೆದುಕೊಳ್ಳಿ.