ಕೆಳಗಿನವರ ಮಾಳಿಗೆ, ಮೇಲಿನವರ ಅಂಗಳ: ಹೌರಾಮಾನ್ ತಖ್ತ್

ನೋಡಿ, ಈ ವಿಡಿಯೊದಲ್ಲಿ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿದ ಹಾಗೆ ಮನೆಗಳು ಕಾಣ್ತಿವೆಯಲ್ಲ, ಅದೇ ಹೌರಾಮಾನ್ ತಖ್ತ್ ಅನ್ನೋ ಊರು. ಇರಾನಿನ ಕುರ್ದಿಸ್ತಾನ್ ಪ್ರಾಂತ್ಯ, ಸರ್ವಾಬಾದ್ ಕಡೆ. ಈ ಬೆಟ್ಟಸಾಲಿನ ಆ ಬದಿ ಇರಾಕ್. ಅಲ್ಲಿನ ತವೇಲಾ, ಬಿಯಾರಾ ಊರುಗಳೂ ಹೌರಾಮಾನ್ ಸೀಮೆಯವೇ. ಗಡಿ ಬಂದು ನಡುವೆ ಕೂತಿದೆ, ಆಡೋ ಮಾತು ಮಾತ್ರ ಎರಡೂ ಕಡೆ ಹೌರಾಮಿ.

ಗೋಡೆಗೆ ಗಾರೆ ಇಲ್ಲ. ಬರೀ ಕಲ್ಲಿನ ಮೇಲೆ ಕಲ್ಲು, ಮಧ್ಯೆ ಮಧ್ಯೆ ಬಿಗಿಗೆ ಅಡ್ಡಮರ. 2021ರಲ್ಲಿ ಹೌರಾಮಾನ್ ಸೀಮೆ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲಂತೂ ಬಂದವರೆಲ್ಲ ಗೋಡೆಯ ಫೋಟೊನೇ ತೆಗೀತಾರೆ. ಇಲ್ಲಿ ದುಡಿಸೋದು ಗೋಡೆ ಅಲ್ಲ ಸ್ವಾಮಿ, ಮನೆ ಮೇಲಿನ ಮಣ್ಣಿನ ಮಾಳಿಗೆ.

ಪಾಪ್ಲರ್ ಮರದ ತೊಲೆ, ಅದರ ಮೇಲೆ ಕೊಂಬೆ, ಸೊಪ್ಪು, ಆಮೇಲೆ ಮಣ್ಣು, ಕೊನೆಗೆ ಹುಲ್ಲು ಕಲಸಿ ನೆನೆಹಾಕಿದ ಕೆಸರಿನ ಮೆತ್ತು. ಆ ಮೂಲೇಲಿ ಉರುಟು ಕಲ್ಲು ಬಿದ್ದಿದೆಯಲ್ಲ, ಅದು ರೋಲರ್. ಮಳೆ ನಿಂತ ಮೇಲೆ ಅದನ್ನ ಮಾಳಿಗೆ ಮೇಲೆ ಉರುಳಿಸ್ಬೇಕು. ಹದ ತಪ್ಪಿದ್ರೆ ಕೆಲಸ ಕೆಟ್ತು: ತೀರಾ ಒದ್ದೆ ಇದ್ರೆ ಮಣ್ಣು ಕಲ್ಲಿಗೇ ಅಂಟ್ಕೊಂಡು ಎದ್ದು ಬರುತ್ತೆ, ಒಣಗಿದ್ರೆ ಬಿರುಕು ಮುಚ್ಚೋದೇ ಇಲ್ಲ. ಹಿಮ ಬಿದ್ರಂತೂ ಕರಗೋಕೆ ಮೊದಲೇ ಸಲಿಕೆ ಹಿಡೀಬೇಕು. ಕರಗ್ತಾ ಕೂತ್ರೆ ನೀರು ಇಳಿದು ಸೋರುತ್ತೆ. ತಳ್ಳೋದು ಎಲ್ಲಿಗೆ? ಕೆಳಗಿರೋದು ಪಕ್ಕದ ಮನೆಯವರ ಮಾಳಿಗೆ! ಮೆತ್ತಿನಲ್ಲಿ ಹುಲ್ಲು ಮೊಳೀಬಾರದು ಅಂತ ಉಪ್ಪು ಬೆರೆಸೋದೂ ಇರಾನಲ್ಲಿ ರೂಢಿ. ನಮ್ಮ ಬಳ್ಳಾರಿ, ಚಿತ್ರದುರ್ಗದ ಕಡೆ ಮಾಳಿಗೆಗೆ ಕರಲು ಮಣ್ಣು ಹಾಕ್ತಾರಲ್ಲ, ಅದರಲ್ಲಿ ಉಪ್ಪು ತಾನಾಗೇ ಇರುತ್ತೆ.

ಇಷ್ಟೆಲ್ಲ ಯಾಕೆ, ಡಾಂಬರು ಹಾಳೆ ಹೊದಿಸಿದ್ರೆ ಆಯ್ತಪ್ಪ. ಇರಾನಲ್ಲಿ ಇಸೋಗಾಮ್ ಅಂತಾರೆ, ಎಲ್ಲಾ ಊರಲ್ಲೂ ಸಿಗುತ್ತೆ... ಅಲ್ಲಲ್ಲ, ತಡೀರಿ. ಇದು ಮೇಲಿನವರ ಅಂಗಳ. ಬೇಸಿಗೇಲಿ ಡಾಂಬರು ಮೆತ್ತಗಾಗುತ್ತೆ, ಮೇಲೆ ದಿನವಿಡೀ ಜನ ಓಡಾಡ್ತಾರೆ, ಹಾಳೆ ಹರಿಯುತ್ತೆ. ಮಣ್ಣೇ ವಾಸಿ. ಆದ್ರೆ ವರ್ಷ ವರ್ಷ ಮೆತ್ತಿನ ಮೇಲೆ ಮೆತ್ತು ಬಿದ್ದು ಭಾರ ಏರುತ್ತೆ, ತೊಲೆ ಬಾಗುತ್ತೆ. ಹೊಸದು ಹಾಕೋ ಮುಂಚೆ ಹಳೇದನ್ನ ಕೆರೆದು ತೆಗೀಬೇಕು.

ಅಗೋ, ಎದುರಿನ ಬೆಟ್ಟ. ಇಂಥ ಗಡಿ ಬೆಟ್ಟಗಳಲ್ಲೇ ಕೋಲ್ಬರ್‌ಗಳು ನಡೆಯೋದು. ಕೋಲ್ ಅಂದ್ರೆ ಬೆನ್ನು, ಬರ್ ಅಂದ್ರೆ ಹೊರೋನು. ಟಿವಿ, ಟೈರು, ಸಿಗರೇಟು ಬೆನ್ನಿಗೆ ಕಟ್ಕೊಂಡು ಕದ್ದುಮುಚ್ಚಿ ಗಡಿ ದಾಟಿ ಬರ್ತಾರೆ. ಗಡಿ ಕಾವಲಿನವರ ಗುಂಡೇಟಿಗೆ, ಹಿಮಕ್ಕೆ ಸತ್ತವರು ತುಂಬಾ ಜನ. ಅದಕ್ಕೇ, ಡ್ರೋನ್ ಇಲ್ಲಿ ಚೀಲದಿಂದ ಹೊರಗೇ ತೆಗೀಬೇಡಿ.

ಅಯ್ಯೋ, ಅಂಗಡಿ ಶಾಟ್ ಬಂದೇ ಬಿಡ್ತು. ಬಿಳಿ ಪಾದರಕ್ಷೆ ಇದು, ಕ್ಲಾಶ್. ಬಟ್ಟೆ ಚಿಂದಿ ಬಿಗಿದು ಬಡಿದ ಅಟ್ಟೆ, ಮೇಲೆ ಹತ್ತಿ ನೂಲಿನ ಹೆಣಿಗೆ. ಎಡ ಬಲ ಅಂತಿಲ್ಲ. ನೀರಿಗೆ ಇಳಿಸ್ಬೇಡಿ. ಬೆಲೆ ಹೇಳೋದು ತೊಮಾನಲ್ಲಿ, ನೋಟು ರಿಯಾಲಲ್ಲಿ, ಅಂದ್ರೆ ಒಂದು ಸೊನ್ನೆ ಹೆಚ್ಚು ಎಣಿಸ್ಬೇಕು. ನಮ್ಮ ಬ್ಯಾಂಕ್ ಕಾರ್ಡು ನಡೆಯೋದಿಲ್ಲ, ನಗದೇ ಇಟ್ಕೊಳ್ಳಿ.