ಹೊಳಪನ್ನು ನಂಬಬೇಡಿ: ಬಲೆಯ ಸೀಸದ ಗುಂಡಿಗೆ ಪೌಡರ್ ಕೋಟಿಂಗ್

ಆಕಾಶವಾಣಿ ಹಾಸನದ ಕೇಳುಗರಿಗೆ ನಮಸ್ಕಾರ.

ಪೌಡರ್ ಕೋಟಿಂಗ್, ಅಂದರೆ ಲೋಹಕ್ಕೆ ಬಣ್ಣದ ಪುಡಿ ಹಚ್ಚಿ ಶಾಖದಲ್ಲಿ ಬೇಯಿಸುವ ಕೆಲಸದ ಬಗ್ಗೆ ಮಾತನಾಡಿ ಎಂದು ಕೇಂದ್ರದವರು ನನ್ನನ್ನು ಕರೆದಿದ್ದಾರೆ. ಗೇಟು, ಕಿಟಕಿಯ ಗ್ರಿಲ್ಲು, ಕಬ್ಬಿಣದ ಕಪಾಟು ಇವುಗಳ ಬಗ್ಗೆ ಹೇಳುತ್ತೇನೆ ಎಂದು ಅವರು ಅಂದುಕೊಂಡಿರಬೇಕು. ಗೇಟು ಮಾಡಿಸುವವರು ಹೇಗೂ ನಮ್ಮಂಥವರ ಘಟಕಕ್ಕೆ ತಂದು ಕೊಟ್ಟು ಹೋಗುತ್ತಾರೆ. ಅವರಿಗೆ ನನ್ನ ಭಾಷಣ ಬೇಕಾಗಿಲ್ಲ. ಇವತ್ತು ನಾನು ಮಾತನಾಡುವುದು ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ, ಬೇಲೂರಿನ ಯಗಚಿಯಲ್ಲಿ, ಊರ ಮುಂದಿನ ಕೆರೆಗಳಲ್ಲಿ ಬೀಸುಬಲೆ ಎಸೆಯುವವರ ಜೊತೆ, ಗಾಳ ಹಾಕುವವರ ಜೊತೆ. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡನ್ನು ನಿಮ್ಮಲ್ಲಿ ಹಲವರು ಹಿತ್ತಲಲ್ಲೇ ಎರಕ ಹೊಯ್ದುಕೊಳ್ಳುತ್ತೀರಿ. ಈಚೆಗೆ ಮೊಬೈಲಿನಲ್ಲಿ ವಿಡಿಯೊ ನೋಡಿ ಅದಕ್ಕೆ ಬಣ್ಣದ ಪುಡಿಯನ್ನೂ ಹಚ್ಚಲು ಹೊರಟಿದ್ದೀರಿ. ಬಹಳ ಒಳ್ಳೆಯ ಕೆಲಸ. ಬರಿಯ ಸೀಸ ಮುಟ್ಟಿದರೆ ಕೈಗೆ ಕಪ್ಪು ಹತ್ತುತ್ತದೆ. ಆ ಕಪ್ಪೇ ವಿಷ. ಮೇಲೆ ಗಟ್ಟಿ ಹೊದಿಕೆ ಇದ್ದರೆ ಅದು ಕೈಗೆ ಬರುವುದಿಲ್ಲ, ಬಲೆಗೂ ಹತ್ತುವುದಿಲ್ಲ.

ಆದರೆ ಹೊದಿಕೆ ಗಟ್ಟಿಯಾಗಿರಬೇಕು. ಅದಕ್ಕಾಗಿ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಪಡಬೇಡಿ. ಹೊಳಪು ಬಂದ ಮಾತ್ರಕ್ಕೆ ಪುಡಿ ಬೆಂದಿದೆ ಎಂದು ತಿಳಿಯಬೇಡಿ.

ಯಾಕೆ ಎಂದು ಕೇಳಿ. ಈ ಪುಡಿಯಲ್ಲಿ ನೀರಿಲ್ಲ, ಥಿನ್ನರ್ ಇಲ್ಲ. ರಾಳ, ಬಣ್ಣ, ಅದನ್ನು ಗಟ್ಟಿಗೊಳಿಸುವ ಇನ್ನೊಂದು ವಸ್ತು, ಇಷ್ಟೇ. ನಮ್ಮ ಘಟಕದಲ್ಲಿ ವಿದ್ಯುತ್ ಗನ್ ಇದೆ. ಅದು ಪುಡಿಯ ಕಣಗಳಿಗೆ ಸಾವಿರಾರು ವೋಲ್ಟಿನ ವಿದ್ಯುದಂಶ ಕೊಟ್ಟು ಲೋಹದ ಕಡೆಗೆ ತಳ್ಳುತ್ತದೆ, ಕಣಗಳು ಹೋಗಿ ಕಚ್ಚಿಕೊಳ್ಳುತ್ತವೆ. ಆಮೇಲೆ ಭಟ್ಟಿಗೆ ಹೋಗುತ್ತದೆ. ಅಲ್ಲಿ ನಡೆಯುವುದು ಎರಡು ಕೆಲಸ. ಮೊದಲು ಪುಡಿ ಕರಗಿ ಹರಡುತ್ತದೆ. ಹೊಳಪು ಬರುವುದು ಆಗಲೇ, ನೋಡಲು ಬಲು ಚೆಂದ. ಆನಂತರ, ಶಾಖ ಹಾಗೆಯೇ ನಿಂತರೆ ಮಾತ್ರ, ಕಣಕ್ಕೆ ಕಣ ಹೆಣೆದುಕೊಂಡು ಒಂದೇ ಪದರವಾಗುತ್ತದೆ. ಬೇಯುವುದು ಎಂದು ನಾವು ಹೇಳುವುದು ಈ ಎರಡನೆಯ ಕೆಲಸಕ್ಕೆ. ಕಡುಬಿನ ಮೇಲ್ಮೈ ಬಿಗಿದಿದೆ ಎಂದು ಹಬೆಯಿಂದ ಇಳಿಸಿ ಮುರಿದು ನೋಡಿ, ನಡುವೆ ಹಿಟ್ಟು ಹಿಟ್ಟಾಗಿಯೇ ಇರುತ್ತದೆ. ಪುಡಿಯ ಕಥೆಯೂ ಅದೇ.

ಸಾಮಾನ್ಯವಾಗಿ ಸಿಗುವ ಪಾಲಿಯೆಸ್ಟರ್ ಪುಡಿಗೆ 200 ಡಿಗ್ರಿ ಸೆಲ್ಸಿಯಸ್, 10 ನಿಮಿಷ ಇಟ್ಟುಕೊಳ್ಳಿ. ಸೀಸ ಕರಗುವುದು 327 ಡಿಗ್ರಿಯಲ್ಲಿ, ಆದ್ದರಿಂದ ಗುಂಡು ಕರಗಿ ಹೋದೀತು ಎಂಬ ಭಯ ಬೇಡ. ಈ 10 ನಿಮಿಷವನ್ನು ಎಲ್ಲಿಂದ ಎಣಿಸುತ್ತೀರಿ ಎನ್ನುವುದೇ ಪ್ರಶ್ನೆ. ಓವನ್‌ ಬಾಗಿಲು ಹಾಕಿದ ಕ್ಷಣದಿಂದ ಅಲ್ಲ. ಒಳಗಿನ ಗುಂಡು ತಾನೇ 200 ಡಿಗ್ರಿ ಮುಟ್ಟಿದ ಮೇಲೆ.

ಗೊರೂರಿನ ಕಡೆಯ ಒಬ್ಬ ಹುಡುಗನ ಕಥೆ ಹೇಳಲೇಬೇಕು. ನಮ್ಮಲ್ಲಿ ಉಳಿದ ಪುಡಿಯನ್ನು ಕೇಳಿ ಪಡೆದುಕೊಂಡು ಹೋಗಿದ್ದ. ಒಂದು ದಿನ ಪ್ಲಾಸ್ಟಿಕ್ ಚೀಲದ ತುಂಬ ಕೆಂಪು, ಹಳದಿ ಗುಂಡುಗಳನ್ನು ತಂದು ಮೇಜಿನ ಮೇಲೆ ಸುರಿದ. “ಸರ್, ನಿಮ್ಮ ಪುಡಿ ಕಳಪೆ. ಬಲೆ ನಾಲ್ಕು ಸಲ ಬೀಸುವಷ್ಟರಲ್ಲಿ ಸಿಪ್ಪೆ ಎದ್ದಿತು” ಎಂದ. ಹುಡುಗನಿಗೆ ಕೋಪ ಬಂದಿತ್ತು. ನನಗೂ ಸ್ವಲ್ಪ ಬಂದಿತು, ಸುಳ್ಳೇಕೆ ಹೇಳಲಿ. ಅವನ ಗುಂಡೊಂದನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದೆ. ಸೀಸ ಮೆತ್ತಗಿನ ಲೋಹ, ಚಪ್ಪಟೆಯಾಯಿತು. ಬಣ್ಣ ಚೂರುಚೂರಾಗಿ ಹಾರಿತು. ಪಕ್ಕದಲ್ಲಿ ನಮ್ಮ ಭಟ್ಟಿಯಲ್ಲಿ ಅದೇ ಪುಡಿ ಹಚ್ಚಿ ಬೇಯಿಸಿದ್ದ ಸೀಸದ ತುಂಡು ಇತ್ತು. ಅದನ್ನೂ ಹಾಗೆಯೇ ಹೊಡೆದೆ. ರೂಪಾಯಿ ನಾಣ್ಯದಷ್ಟು ತೆಳ್ಳಗಾದರೂ ಬಣ್ಣ ಬಿಟ್ಟುಕೊಡಲಿಲ್ಲ. “ತಮ್ಮಾ, ಪುಡಿ ಎರಡರಲ್ಲೂ ಒಂದೇ. ಈಗ ಹೇಳು, ಎಷ್ಟು ಹೊತ್ತು ಇಟ್ಟಿದ್ದೆ?” “200ಕ್ಕೆ ತಿರುಗಿಸಿ 10 ನಿಮಿಷ, ಸರ್. ಕನ್ನಡಿಯಂತೆ ಹೊಳೆಯುತ್ತಿತ್ತು.” ಅಲ್ಲಿಗೆ ನನಗೆ ಅರ್ಥವಾಯಿತು. ಆ ಓವನ್ ತೆಗೆದುಕೊಂಡು ಬಾ ಎಂದೆ.

ಮುಂದಿನ ವಾರ ಓವನ್ ಬಂದಿತು. ಜೊತೆಗೆ ಅವನ ಅಜ್ಜಿಯೂ ಬಂದರು. ಓವನ್ ಅವರದು, ಬೆಂಗಳೂರಿನ ಮಗಳು ಕೊಡಿಸಿದ್ದು. ಅದು ಎಲ್ಲಿಗೆ ಹೋಗುತ್ತಿದೆ ಎಂದು ನೋಡದೆ ಕಳಿಸಲು ಅವರು ಒಪ್ಪಿರಲಿಲ್ಲ. ಓವನ್‌ನ ನಾಬನ್ನು 200ಕ್ಕೆ ತಿರುಗಿಸಿ, ಒಳಗೆ ತಾಪಮಾಪಕ ತೂಗುಹಾಕಿದೆವು. ಅದು 165ಕ್ಕೆ ಬಂದು ನಿಂತಿತು. ಎಷ್ಟು ಕಾದರೂ ಮುಂದೆ ಹೋಗಲಿಲ್ಲ. ಸಾಲದ್ದಕ್ಕೆ ಹುಡುಗ ತಟ್ಟೆಯಲ್ಲಿ ಗುಂಡುಗಳನ್ನು ಒಂದರ ಮೇಲೊಂದು ರಾಶಿ ಹಾಕುತ್ತಿದ್ದ. ನಡುವಿನ ಗುಂಡಿಗೆ ಆ 165 ಆದರೂ ತಲುಪುತ್ತಿತ್ತೋ ಇಲ್ಲವೋ. ಪುಡಿ ಕರಗಲು ಅಷ್ಟು ಸಾಕು, ಅದಕ್ಕೇ ಹೊಳಪು. ಬೇಯಲು ಸಾಲದು, ಅದಕ್ಕೇ ಸಿಪ್ಪೆ.

ಹೊಸದಾಗಿ ಪುಡಿ ಹಚ್ಚಿದ ಗುಂಡುಗಳ ತೂತಿಗೆ ತಂತಿ ಪೋಣಿಸಿ, ಒಂದಕ್ಕೊಂದು ತಾಗದಂತೆ ನೇತುಹಾಕಿಸಿದೆ. ಒಂದು ಗುಂಡಿಗೆ ಶಾಖ ಅಳೆಯುವ ವೈರನ್ನೇ ಕಟ್ಟಿದೆ. ಅಳತೆ 200 ತೋರಿಸುವ ತನಕ ನಾಬನ್ನು ಮುಂದೆ ತಿರುಗಿಸುತ್ತಾ ಹೋದೆವು. ತೋರಿಸಿದ ಮೇಲೆ ಗಡಿಯಾರ ನೋಡಿದೆವು. ಹೊರತೆಗೆದು, ಪೂರ್ತಿ ತಣ್ಣಗಾಗಲು ಬಿಟ್ಟು, ಸುತ್ತಿಗೆಯನ್ನು ಹುಡುಗನ ಕೈಗೇ ಕೊಟ್ಟೆ. ಒಂದು ಹೊಡೆದ, ಬಣ್ಣ ನಿಂತಿತು. ಇನ್ನೊಂದು ಹೊಡೆದ, ಅದೂ ನಿಂತಿತು. ಸಂತೋಷ ತಡೆಯಲಾಗದೆ ಅಷ್ಟನ್ನೂ ಹೊಡೆದು ಚಪ್ಪಟೆ ಮಾಡಿದ. ಬಲೆಗೆ ಕಟ್ಟಲು ಒಂದೂ ಉಳಿಯಲಿಲ್ಲ. ಅಜ್ಜಿ ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದವರು ಆಗ ಕೇಳಿದರು: “ಸ್ವಾಮಿ, ದೀಪಾವಳಿಗೆ ಇದರಲ್ಲಿ ಬಿಸ್ಕತ್ತು ಮಾಡಬಹುದು ತಾನೇ?” “ಆಗುವುದಿಲ್ಲ, ಅಜ್ಜಿ. ಸೀಸ ಒಳಗೆ ಹೋದ ಓವನ್ ಮತ್ತೆ ಅಡುಗೆಮನೆಗೆ ಹೋಗಬಾರದು.” ಅವರು ಮೊಮ್ಮಗನ ಕಡೆ ನೋಡಿದ ನೋಟವನ್ನು ರೇಡಿಯೊದಲ್ಲಿ ತೋರಿಸಲು ಬರುವುದಿಲ್ಲ. ಹೊಸ ಓವನ್ ಕೊಡಿಸಿದ ಮೇಲೆಯೇ ಆ ಮನೆಯಲ್ಲಿ ಅವನಿಗೆ ನೆಮ್ಮದಿ ಸಿಕ್ಕಿತಂತೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಸುತ್ತಿಗೆ ಪರೀಕ್ಷೆಯನ್ನು ಪ್ರತಿ ತಟ್ಟೆಯ ಒಂದು ಗುಂಡಿನ ಮೇಲೆ ಮಾಡಿ, ಎಲ್ಲದರ ಮೇಲೂ ಅಲ್ಲ. ಇನ್ನೊಂದು ಪರೀಕ್ಷೆ ಇದೆ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ತಣ್ಣಗಾದ ಗುಂಡನ್ನು ಉಜ್ಜಿ. ಬಟ್ಟೆಗೆ ಬಣ್ಣ ಬಂದರೆ ಬೆಂದಿಲ್ಲ, ಎಷ್ಟೇ ಹೊಳೆಯಲಿ.

ಪುಡಿ ಹಚ್ಚುವ ಮೊದಲು ಗುಂಡಿನ ಮೇಲೆ ಎಣ್ಣೆ ಇರಬಾರದು. ಬೆರಳಿನ ಜಿಡ್ಡೂ ಎಣ್ಣೆಯೇ, ಕೈಗವಸು ಹಾಕಿಕೊಳ್ಳಿ. ಮನೆಯಲ್ಲಿ ಗನ್ ಇಲ್ಲದವರು ಗುಂಡುಗಳನ್ನೂ ಪುಡಿಯನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕುಲುಕುತ್ತೀರಿ. ಉಜ್ಜಾಟದಿಂದ ಹುಟ್ಟುವ ವಿದ್ಯುದಂಶದಿಂದ ಪುಡಿ ಅಂಟುತ್ತದೆ, ಸರಿ. ಆದರೆ ಆಷಾಢದ ಮಳೆಯಲ್ಲಿ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಕುಳಿತು ಕುಲುಕಿದರೆ ಕೈ ಸೋಲುತ್ತದೆಯೇ ಹೊರತು ಪುಡಿ ಅಂಟುವುದಿಲ್ಲ. ಗಾಳಿಯಲ್ಲಿನ ತೇವ ಆ ವಿದ್ಯುದಂಶವನ್ನು ನಿಲ್ಲಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಮಾಡಿ. ಅಥವಾ ಗುಂಡನ್ನು ಮೊದಲೇ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಪುಡಿಯಲ್ಲಿ ಅದ್ದಿ ತೆಗೆಯಿರಿ. ಕೂಡಲೇ ಹತ್ತಿ ಹೊಳೆಯುತ್ತದೆ. ಹೊಳೆಯಿತು ಎಂದು ಬಲೆಗೆ ಕಟ್ಟಬೇಡಿ. ಓವನ್‌ಗೆ ಹೋಗಲೇಬೇಕು, 200, 10 ನಿಮಿಷ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಗಾಳಿಯಲ್ಲಿ ತೇಲುವ ಪುಡಿ ಹೊತ್ತಿಕೊಳ್ಳುತ್ತದೆ.

ಎರಕದ ವಿಷಯಕ್ಕೆ ಪ್ರತ್ಯೇಕ ಭಾಷಣವೇ ಬೇಕು. ಮೂರು ಮಾತು ಮಾತ್ರ ಹೇಳುತ್ತೇನೆ. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯಬೇಡಿ. ಅದರಲ್ಲಿ ಆಮ್ಲವಿದೆ, ಬೇರೆ ವಿಷದ ವಸ್ತುಗಳೂ ಇರುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಇರುವುದು ಹಳೆಯ ಬ್ಯಾಟರಿ ಹಿತ್ತಲಿಗೆ ಬರದಿರಲಿ ಎಂದೇ. ಮಾರಿದ ಅಂಗಡಿಗೇ ಹಿಂದಿರುಗಿಸಿ. ಕರಗಿದ ಸೀಸದ ಹತ್ತಿರ ನೀರು ತರಬೇಡಿ, ಒದ್ದೆ ಅಚ್ಚಿಗೆ ಹೊಯ್ಯಬೇಡಿ. ಒಂದು ಹನಿ ತಾಗಿದರೂ ಸೀಸ ಮುಖಕ್ಕೆ ಸಿಡಿಯುತ್ತದೆ. ಮಕ್ಕಳನ್ನು ಸುತ್ತಮುತ್ತ ಬಿಡಬೇಡಿ. ಮಕ್ಕಳ ಮಟ್ಟಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಳದ ಸಣ್ಣ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ದಾರಕ್ಕೆ ಬಿಗಿಯುವ ದೊಡ್ಡವರಿಗೂ ಹೇಳುತ್ತಿದ್ದೇನೆ, ಇಕ್ಕಳಕ್ಕೆ ಎಷ್ಟು ದುಡ್ಡು? ನೀರಿನಲ್ಲಿ ಕಳೆದುಹೋದ ಇಂಥ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿವೆ ಎಂದು ಇಂಗ್ಲೆಂಡಿನಲ್ಲಿ 1987ರಲ್ಲೇ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ಚಿಕ್ಕ ಮಕ್ಕಳಿರುವ ಮನೆಯವರು ಎರಕದ ಗೋಜಿಗೇ ಹೋಗದೆ ಬಲೆಗೆ ಕಬ್ಬಿಣದ ಸರಪಳಿ ಕಟ್ಟಿಕೊಳ್ಳಿ. ಬೇಕಿದ್ದರೆ ಅದಕ್ಕೂ ಪುಡಿ ಹಚ್ಚಬಹುದು, ಬೇಯಿಸುವ ಲೆಕ್ಕ ಅದಕ್ಕೂ ಇದೇ.

ಇನ್ನು ಒಂದು ನಿಮಿಷವೂ ಇಲ್ಲ. ಪುಡಿಯ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ತೇವ ಹೋದರೆ ಗಂಟು ಕಟ್ಟುತ್ತದೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ. ಮುಖ್ಯವಾಗಿ ಹಳದಿ ಪುಡಿಯ ಡಬ್ಬಿ. ಅದನ್ನು ಅರಿಶಿನದ ಡಬ್ಬಿ ಇರುವ ಕಪಾಟಿನಲ್ಲಿ ಯಾವ ಕಾರಣಕ್ಕೂ ಇಡಬೇಡಿ. ನಮಸ್ಕಾರ.